ಸೆಕೆಂಡ್ ಹ್ಯಾಂಡ್ ಡಸ್ಟರ್: ಆಲ್ ವೀಲ್ ಬೇಕೋ, ಫ್ರಂಟ್ ವೀಲ್ ಸಾಕೋ? ಅನುಭವ ಇದ್ದವರು ಹೇಳಿ

ಏರುದಾರಿ:
ಕೆಲಸ ಬೆಂಗಳೂರಿನಲ್ಲಿ, ಮನೆ ಕೊಟ್ಟಿಗೆಹಾರದ ಹತ್ತಿರ. ತಿಂಗಳಿಗೆ ಎರಡು ಸಲ ಊರಿಗೆ ಹೋಗುತ್ತೇನೆ. ಅಮ್ಮನನ್ನು ತಪಾಸಣೆಗೆಂದು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಕರೆದೊಯ್ಯುವುದೂ ಇರುತ್ತದೆ. ಡಾಂಬರು ಮುಗಿದ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಅದರ ಕೊನೆಯ 200 ಅಡಿ ಕಡಿದಾದ ಏರು. ಜೂನ್‌ನಿಂದ ಅಕ್ಟೋಬರ್ ತನಕ ಕಾರನ್ನು ಕೆಳಗೇ ಬಿಟ್ಟು, ಅಮ್ಮನನ್ನು ಕೈಹಿಡಿದು ನಡೆಸಿಕೊಂಡು ಹೋಗುತ್ತಿದ್ದೇನೆ. ರೆನೋ ಕಂಪನಿಯ ಎರಡು ಡಸ್ಟರ್ ಕಾರು ನೋಡಿದ್ದೇನೆ, ಎರಡೂ 110 ಅಶ್ವಶಕ್ತಿಯ ಡೀಸೆಲ್. 2016ರ ಆಲ್ ವೀಲ್ (ಎಂಜಿನ್ನು ನಾಲ್ಕೂ ಚಕ್ರ ತಿರುಗಿಸುವಂಥದ್ದು) 92,000 ಕಿ.ಮೀ. ಓಡಿದೆ, 6.40 ಲಕ್ಷ ಹೇಳುತ್ತಿದ್ದಾರೆ. 2017ರ ಫ್ರಂಟ್ ವೀಲ್ (ಮುಂದಿನ ಎರಡು ಚಕ್ರ ಮಾತ್ರ) 61,000 ಓಡಿದೆ, 5.05 ಲಕ್ಷ. ಆ 200 ಅಡಿಗಾಗಿ 1.35 ಲಕ್ಷ ಹೆಚ್ಚು ಕೊಡಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ.

ಪಾಚಿಗುಡ್ಡ:
ಕಣ್ಣು ಮುಚ್ಚಿ ಆಲ್ ವೀಲ್ ತೆಗೆದುಕೊಳ್ಳಿ. ನಮ್ಮದು ಸಕಲೇಶಪುರದ ಕಡೆ, 2015ರ ಆಲ್ ವೀಲ್ ಡಸ್ಟರ್. 2019ರ ಮೇ ತಿಂಗಳಲ್ಲಿ 7.10 ಲಕ್ಷಕ್ಕೆ ಕೊಂಡೆ. ಆ ಆಗಸ್ಟ್‌ನಲ್ಲಿ ಘಟ್ಟಗಳಲ್ಲೆಲ್ಲ ದರೆ ಕುಸಿದದ್ದು ನೆನಪಿರಬೇಕು. ನಮ್ಮ ತೋಟದ ಕೆಲಸಗಾರರ ಲೈನ್ ಮನೆಯ ಹಿಂದಿನ ದರೆ ರಾತ್ರಿ ಒಂಬತ್ತಕ್ಕೆ ಬಾಯಿ ಬಿಟ್ಟಿತು. ಗಾಡಿಯ ಗುಂಡಿಯನ್ನು ಲಾಕ್‌ಗೆ (ಹಿಂದಿನ ಚಕ್ರಗಳೂ ಬಿಡದೆ ಎಳೆಯುವಂತೆ) ತಿರುಗಿಸಿ ಮೂರು ಸುತ್ತಿನಲ್ಲಿ ಹದಿಮೂರು ಜನರನ್ನು, ಎರಡು ಮೇಕೆಗಳನ್ನು ಮೇಲಿನ ಕಣಕ್ಕೆ ಸಾಗಿಸಿದೆ. ಒಂದು ಸಲವೂ ಚಕ್ರ ನಿಂತಲ್ಲೇ ಸುತ್ತಲಿಲ್ಲ. ಆ ರಾತ್ರಿಯ ಬೆಲೆ ಎಷ್ಟು, ಯಾರಾದರೂ ಲೆಕ್ಕ ಹೇಳಿ.

ಖರ್ಚು ಇಲ್ಲವೆಂದಲ್ಲ. 2021ರಲ್ಲಿ ಒಂದು ಟೈರು ಕಲ್ಲಿಗೆ ಸೀಳಿತು. ಒಂದೇ ಹೊಸದು ಹಾಕಿಸಿದೆ, ಉಳಿದ ಮೂರು ಆಗಲೇ ಅರ್ಧ ಸವೆದಿದ್ದವು. ಹೊಸ ಟೈರಿನ ಸುತ್ತಳತೆ ಬೇರೆಯಾದ್ದರಿಂದ ಹಿಂದಿನ ಚಕ್ರಕ್ಕೆ ಎಳೆತ ಕಳಿಸುವ ಕಪ್ಲಿಂಗ್ ಸುಮ್ಮನೆ ಕೆಲಸ ಮಾಡುತ್ತಲೇ ಇತ್ತು, ಘಾಟಿಯಲ್ಲಿ ಬಿಸಿಯಾಗಿ ಆಲ್ ವೀಲ್ ತಾನಾಗಿಯೇ ಕಡಿದುಹೋಗುತ್ತಿತ್ತು. ಕೊನೆಗೆ ನಾಲ್ಕೂ ಬದಲಿಸಿದೆ: 215/65 ಆರ್16, ಒಂದಕ್ಕೆ 8,400, ಒಟ್ಟು 33,600. ಮೂರು ಅರ್ಧ ಜೀವದ ಟೈರುಗಳು ಇನ್ನೂ ಕೊಟ್ಟಿಗೆಯಲ್ಲಿವೆ, ಬೇಕಾದವರು ಬಂದು ನೋಡಬಹುದು. 2022ರಲ್ಲಿ ಕ್ಲಚ್ ಸುಟ್ಟಿತು, ಅದು ನನ್ನ ಕಾಲಿನ ತಪ್ಪು. ಈ ಗಾಡಿಗೆ ಲೋ ಗೇರ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಬೇರೆ ಗೇರ್) ಇಲ್ಲ, ಚಿಕ್ಕ ಮೊದಲ ಗೇರಿನಲ್ಲೇ ಎಲ್ಲವೂ ಆಗಬೇಕು. ಏರಿನ ನಡುವೆ ಅರ್ಧ ಕ್ಲಚ್ಚಿನಲ್ಲಿ ನಿಂತು ಪಕ್ಕದ ತೋಟದವರೊಡನೆ ಮಾತಾಡಿದೆ. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು, ಫ್ಲೈವೀಲು, ಕೂಲಿ ಎಲ್ಲ ಸೇರಿ 41,800. ಆದರೂ ಮಾರುವುದಿಲ್ಲ.

ಒಂದೇ ಗಾಡಿ:
ಮೇಲಿನವರ ಲೆಕ್ಕವನ್ನು ಅವರೇ ಕೂಡಿಸಿ ನೋಡಲಿ. ಟೈರು, ಕ್ಲಚ್ಚು ಸೇರಿ 75,400. ನನ್ನದು ಫ್ರಂಟ್ ವೀಲ್, ಸಿದ್ದಾಪುರ ತಾಲ್ಲೂಕು, ಅಡಿಕೆ ತೋಟದ ಮನೆ, ಇವತ್ತಿಗೆ 1,84,000 ಕಿ.ಮೀ. ಮೊದಲ ಕ್ಲಚ್ಚು 1,31,000ದವರೆಗೆ ಬಂತು. ಲೀಟರಿಗೆ 17 ಕೊಡುತ್ತದೆ. ಆಲ್ ವೀಲ್ ಇರುವ ನನ್ನ ಭಾವನಿಗೆ 14 ದಾಟಿದ್ದೇ ಇಲ್ಲ. ಅವನ ಡಿಕ್ಕಿಯೂ ಚಿಕ್ಕದು, ನಮ್ಮದು 475 ಲೀಟರ್, ಅವನದು 410. ಮದುವೆಮನೆಯ ಸಾಮಾನು ಯಾವಾಗಲೂ ನಮ್ಮ ಗಾಡಿಯಲ್ಲೇ ಬರುತ್ತದೆ.

ಹತ್ತು ಮಳೆಗಾಲದಲ್ಲಿ ಮೂರು ಸಲ ಟ್ರ್ಯಾಕ್ಟರ್ ಕರೆದಿದ್ದೇನೆ. ಒಂದು ಸಲಕ್ಕೆ 800, ಡ್ರೈವರನಿಗೆ ಚಹಾ, ಬನ್ನು. ಹೆಚ್ಚೆಂದರೆ 2,500 ಆಗಿರಬಹುದು. ಉಳಿದ ದಿನ ಏರು ಸಿಕ್ಕರೆ ಗಾಡಿಯನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುತ್ತೇನೆ. ಹತ್ತುವಾಗ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರವಾಗುತ್ತದೆ, ಅದಕ್ಕೇ ಜಾರುವುದು. ತಿರುಗಿಸಿದರೆ ಎಂಜಿನ್ನೂ ಭಾರವೂ ಎಳೆಯುವ ಚಕ್ರದ ಮೇಲೆ ಕೂರುತ್ತವೆ. ಇದಕ್ಕೆ ದುಡ್ಡು ಬೇಡ, ಕತ್ತು ತಿರುಗಿದರೆ ಸಾಕು.

ಪಾಚಿಗುಡ್ಡ:
ಅಮ್ಮನನ್ನು ಕೂರಿಸಿಕೊಂಡು ರಾತ್ರಿ ಮಳೆಯಲ್ಲಿ ರಿವರ್ಸ್ ದೀಪದ ಬೆಳಕಿನಲ್ಲಿ 200 ಅಡಿ ಹತ್ತಬೇಕೇ? ಒಂದು ಕಡೆ ದರೆ, ಇನ್ನೊಂದು ಕಡೆ ಪ್ರಪಾತ ಇರುವ ದಾರಿಯನ್ನು ನೀವು ನೋಡಿದಂತಿಲ್ಲ. ಅಡಿಕೆ ತೋಟದ ಚಪ್ಪಟೆ ದಾರಿಯಲ್ಲಿ ಏನು ಬೇಕಾದರೂ ಮಾಡಬಹುದು.

ಒಂದೇ ಗಾಡಿ:
ಸಿದ್ದಾಪುರ ಚಪ್ಪಟೆ ಎಂದು ನಿಮಗೆ ಹೇಳಿದವರು ಯಾರು? ಒಮ್ಮೆ ಬನ್ನಿ, ಉಂಬಳವೇ ನಿಮ್ಮನ್ನು ಹತ್ತಿಸಿಕೊಂಡು ಹೋಗುತ್ತದೆ.

ದೆಹಲಿ ನಂಬರು:
ಯಾವುದನ್ನೇ ಕೊಳ್ಳಿ, ಕೆಳಗೆ ಮಲಗಿ ನೋಡದೆ ಕೊಳ್ಳಬೇಡಿ. ನಾನು ಮೂರ್ಖನಾದದ್ದನ್ನು ಬರೆಯುತ್ತೇನೆ. ಅಲ್ಲಿ ಡೀಸೆಲ್ ಗಾಡಿಗೆ 10 ವರ್ಷದ ಮಿತಿ ಇದ್ದುದರಿಂದ ದೆಹಲಿಯ ಆಲ್ ವೀಲ್ ಡಸ್ಟರ್ 3.60 ಲಕ್ಷಕ್ಕೆ ಸಿಕ್ಕಿತು. ಅಗ್ಗವೆಂದು ಕುಣಿದೆ. ನಿರಾಕ್ಷೇಪಣಾ ಪತ್ರಕ್ಕೆ ದಲ್ಲಾಳಿ 9,000, ಲಾರಿಯಲ್ಲಿ ತರಲು 24,000, ಇಲ್ಲಿನ ಜೀವಾವಧಿ ತೆರಿಗೆ ಒಂದು ಲಕ್ಷದ ಹತ್ತಿರ. ಪತ್ರದಲ್ಲಿ ಚಾಸಿ ನಂಬರಿನ ಒಂದು ಅಕ್ಷರ ತಪ್ಪಾಗಿತ್ತು. ಅದೊಂದು ಅಕ್ಷರಕ್ಕೆ ನಾಲ್ಕು ತಿಂಗಳು ಗಾಡಿ ತಾಡಪಾಲಿನ ಕೆಳಗೆ ನಿಂತಿತು, ಇಲಿ ವೈರು ತಿಂದಿತು, 6,200.

ಕೊನೆಗೆ ನಂಬರು ಬಂತು. ಮೊದಲ ಮಳೆಗೆ ಲಾಕ್ ಹಾಕಿದೆ. ಮುಂದಿನ ಚಕ್ರ ಮಾತ್ರ ಕೆಸರು ಎರಚಿತು, ಹಿಂದಿನವು ಕೈಕಟ್ಟಿ ನಿಂತಿದ್ದವು. ಮೇಲೆತ್ತಿ ನೋಡಿದರೆ ಕಪ್ಲಿಂಗಿನ ವೈರನ್ನು ಯಾರೋ ಕಿತ್ತು ಟೇಪು ಸುತ್ತಿದ್ದರು. ಎಚ್ಚರಿಕೆ ದೀಪವೂ ಉರಿಯದಂತೆ ಕೈಚಳಕ ಮಾಡಿದ್ದರು. ಮಾರಿದವನು ಫೋನ್ ಎತ್ತುವುದಿಲ್ಲ. ಕಪ್ಲಿಂಗ್ ಹಳೆಯದೇ ಹುಡುಕಿ ಹಾಕಿಸಿದ್ದಕ್ಕೆ 58,000. ಶಾಫ್ಟಿನ ನಡುವಿನ ಬೇರಿಂಗಿನ ಖರ್ಚು ಬೇರೆ. ಆದ್ದರಿಂದ ಕೊಳ್ಳುವ ಮೊದಲು ಒದ್ದೆ ಹುಲ್ಲಿನ ಏರಿನಲ್ಲಿ ನಿಲ್ಲಿಸಿ, ಲಾಕ್ ಹಾಕಿ, ಹೊರಗೆ ಒಬ್ಬರನ್ನು ನಿಲ್ಲಿಸಿ ಹಿಂದಿನ ಚಕ್ರವನ್ನೇ ನೋಡಲು ಹೇಳಿ. ನಾಲ್ಕೂ ಟೈರು ಒಂದೇ ಬ್ರಾಂಡು, ಒಂದೇ ಸವೆತ ಇರದಿದ್ದರೆ ಎದ್ದು ಬನ್ನಿ.

ಹಿಮದೂರು:
ಮಾಂಟ್ರಿಯಲ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಹುಟ್ಟೂರು ತೀರ್ಥಹಳ್ಳಿ. ಇಲ್ಲಿ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಾನೂನಿನಿಂದಲೇ ಕಡ್ಡಾಯ. ಆಲ್ ವೀಲ್ ಇದ್ದರೂ ವಿನಾಯಿತಿ ಇಲ್ಲ. ಏಕೆಂದು ಯೋಚಿಸಿ. ಎಂಜಿನ್ನು ಎಷ್ಟು ಚಕ್ರ ತಿರುಗಿಸಿದರೂ ಬ್ರೇಕು ಎಲ್ಲ ಗಾಡಿಗೂ ನಾಲ್ಕಕ್ಕೇ. ನಿಲ್ಲಿಸುವುದು ರಬ್ಬರು. ನನ್ನ ಹಳೆಯ ಫ್ರಂಟ್ ವೀಲ್ ಗಾಡಿ ಒಳ್ಳೆಯ ಟೈರಿನಿಂದ ನಿಂತ ಸಿಗ್ನಲಿನಲ್ಲಿ ಪಕ್ಕದ ಮನೆಯವರ ಆಲ್ ವೀಲ್ ನನ್ನನ್ನು ದಾಟಿ ಜಾರಿಕೊಂಡು ಹೋಗಿ ಅಡ್ಡರಸ್ತೆಯ ನಡುವೆ ನಿಂತಿತು. ಅವರ ಮುಖ ನನಗೆ ಇನ್ನೂ ಕಾಣಿಸುತ್ತದೆ. ಮೊದಲು ಟೈರು ನೋಡಿ ಎಂದು ಹೇಳಿದರೆ ಊರಿನಲ್ಲಿ ಯಾರೂ ಕೇಳುವುದಿಲ್ಲ.

ಜೀಪು ಬಿಡದವನು:
ಇಲ್ಲಿ ಹಿಮ ಬೀಳುವುದಿಲ್ಲ ಸ್ವಾಮಿ, ಕೆಸರು. ಮಂಜುಗಡ್ಡೆಯ ಪಾಠವನ್ನು ಜೇಡಿಮಣ್ಣಿಗೆ ಹಚ್ಚಬೇಡಿ. ಇನ್ನು, ನೀವೆಲ್ಲ ಹೇಳುತ್ತಿರುವುದು ಯಾವುದೂ ಫೋರ್ ವೀಲ್ ಅಲ್ಲ. ಲೋ ಗೇರಿನ ಕೋಲು ಇಲ್ಲದ್ದನ್ನು ನಾನು ಕಾರು ಎಂದೇ ಕರೆಯುತ್ತೇನೆ. ನನ್ನ ಬಳಿ 1998ರ ಜಿಪ್ಸಿ ಇದೆ, ಲೋ ಹಾಕಿ ಕ್ಲಚ್ಚು ಬಿಟ್ಟರೆ ಆಕ್ಸಿಲರೇಟರ್ ಮುಟ್ಟದೆ ಮರ ಹತ್ತುವಂತೆ ಹತ್ತುತ್ತದೆ. ಕ್ಲಚ್ಚು ಸುಡುವ ಮಾತೇ ಇಲ್ಲ.

ಪಾಚಿಗುಡ್ಡ:
ಅಮ್ಮನನ್ನು ಆ ಜಿಪ್ಸಿಯಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದರೆ ಬೆನ್ನಿನ ತಪಾಸಣೆಯನ್ನೂ ಸೇರಿಸಿ ಮಾಡಿಸಬೇಕಾಗುತ್ತದೆ. ಆಲ್ ವೀಲ್ ಡಸ್ಟರಿನ ಹಿಂದಿನ ಸಸ್ಪೆನ್ಷನ್ನು ಚಕ್ರಕ್ಕೊಂದು ಸ್ವತಂತ್ರ. ಫ್ರಂಟ್ ವೀಲಿನಲ್ಲಿ ಹಿಂದೆ ಒಂದೇ ಅಡ್ಡತೊಲೆ. ಗುಂಡಿಯ ದಾರಿಯಲ್ಲಿ ಹಿಂದೆ ಕೂತವರಿಗೇ ವ್ಯತ್ಯಾಸ ಗೊತ್ತಾಗುವುದು. ಇದನ್ನು ಯಾರೂ ಹೇಳಲಿಲ್ಲ.

ಹಿಮದೂರು:
ಜೇಡಿಮಣ್ಣಿನಲ್ಲಿ ಬ್ರೇಕು ಹಾಕುವುದೇ ಇಲ್ಲವೇ? ಚಾರ್ಮಾಡಿ ಇಳಿಯುವಾಗ ಏನು ಮಾಡುತ್ತೀರಿ? ತೀರ್ಥಹಳ್ಳಿಯವನಿಗೆ ಕೆಸರು ಗೊತ್ತಿಲ್ಲ ಎಂದು ಹೇಳುವವರನ್ನು ಇದೇ ಮೊದಲು ನೋಡಿದೆ.

ಏರುದಾರಿ:
ಎಲ್ಲರಿಗೂ ಧನ್ಯವಾದ. ಒಂದು ವಿಷಯ ಸ್ಪಷ್ಟಪಡಿಸುತ್ತೇನೆ: ತೊಂದರೆ ಇರುವುದು ಆ 200 ಅಡಿಯಲ್ಲಿ ಮಾತ್ರ. ಕೆಂಪು ಮಣ್ಣು, ಮೇಲೆ ಸಿಲ್ವರ್ ಓಕಿನ ಎಲೆ ಬಿದ್ದು ಕೊಳೆತಿರುತ್ತದೆ. ನಡುವೆ ಒಂದು ಬಲ ತಿರುವು ಇದೆ, ಅಲ್ಲಿ ವೇಗ ಸಿಗುವುದಿಲ್ಲ.

ಕಣದ ಮನೆ:
ನಿಮ್ಮ 1.35 ಲಕ್ಷವನ್ನು ಗಾಡಿಗೆ ಏಕೆ ಹಾಕುತ್ತೀರಿ, ದಾರಿಗೆ ಹಾಕಿ. ನಾವು ಕಳಸದ ಹತ್ತಿರ ಚಕ್ರದ ಜಾಡಿಗೆ ಎರಡು ಅಡಿ ಅಗಲದ ಎರಡು ಪಟ್ಟಿ ಕಾಂಕ್ರೀಟು ಹಾಕಿಸಿದೆವು, 180 ಅಡಿ ಉದ್ದ, ಐದು ಇಂಚು ದಪ್ಪ. 66 ಚೀಲ ಸಿಮೆಂಟು ಹಿಡಿಯಿತು. ಜಲ್ಲಿಯ ಲಾರಿ ಮೇಲೆ ಬರುವುದಿಲ್ಲವಾದ್ದರಿಂದ ಕೆಳಗೆ ಸುರಿಸಿ ಪಿಕಪ್ಪಿನಲ್ಲಿ ಹತ್ತೊಂಬತ್ತು ಸಲ ಹೊತ್ತದ್ದು, ಅದಕ್ಕೇ 14,250. ಒಟ್ಟು 1,18,000. ಈಗ ಆಟೋ ಕೂಡ ಹತ್ತುತ್ತದೆ. ಗ್ಯಾಸ್ ಸಿಲಿಂಡರ್ ಬಾಗಿಲಿಗೆ ಬರುತ್ತದೆ. ಯಾವ ಗಾಡಿ ಎಂಬ ಪ್ರಶ್ನೆಯೇ ಉಳಿಯಲಿಲ್ಲ.

ಒಂದೇ ಗಾಡಿ:
ಎರಡನೇ ಮಳೆಗಾಲಕ್ಕೆ ಪಾಚಿ ಕಟ್ಟಿದ ಮೇಲೆ ಬರೆಯಿರಿ. ನಮ್ಮ ಅಣ್ಣ ಹೀಗೇ ಹಾಕಿಸಿ, ಜುಲೈನಲ್ಲಿ ನಡೆದು ಬರುವಾಗಲೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಮಣ್ಣಿಗಿಂತ ಪಾಚಿ ಹಿಡಿದ ಕಾಂಕ್ರೀಟು ಕೆಟ್ಟದ್ದು.

ಕಣದ ಮನೆ:
ನಿಮ್ಮ ಅಣ್ಣ ನುಣ್ಣಗೆ ಕರಣೆ ಎಳೆಸಿರಬೇಕು. ಹಸಿ ಇರುವಾಗಲೇ ಅಂಗೈಯಗಲಕ್ಕೊಂದು ಅಡ್ಡಗೀರು ಹಾಕಬೇಕು, ಸರಳು ಒತ್ತಿ ತೆಗೆದರೆ ಸಾಕು. ಮೇ ಕೊನೆಗೆ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಕಡ್ಡಿಪೊರಕೆಯಲ್ಲಿ ಉಜ್ಜಬೇಕು. ಮೈ ಬಗ್ಗಿಸದವರಿಗೆ ಎಲ್ಲವೂ ಜಾರುತ್ತದೆ.

ಒಂದೇ ಗಾಡಿ:
ಅಣ್ಣನ ಮೈ ಬಗ್ಗುವ ವಿಚಾರ ನಿಮಗೆ ಬೇಡ. ಗಾಡಿಯ ಬಗ್ಗೆ ಮಾತಾಡಿ.

ಏರುದಾರಿ:
ಕಾಂಕ್ರೀಟಿನ ಯೋಚನೆ ನನಗೂ ಬಂದಿತ್ತು. ಆದರೆ ತಿರುವಿನಿಂದ ಮೇಲಿನ 80 ಅಡಿ ಚಿಕ್ಕಪ್ಪನ ಮಗನ ಹಿಡುವಳಿಯಲ್ಲಿ ಹೋಗುತ್ತದೆ. ಅಪ್ಪ ಇದ್ದಾಗ ಬಾಯಿಮಾತಿನಲ್ಲಿ ಬಿಟ್ಟ ದಾರಿ. ಮಣ್ಣಿನ ಮೇಲೆ ಓಡಾಡಲು ಅವನ ಅಡ್ಡಿಯಿಲ್ಲ. ಸಿಮೆಂಟು ಬಿದ್ದರೆ ದಾರಿ ಶಾಶ್ವತವಾಗಿ ನಮ್ಮದಾಗುತ್ತದೆ ಎಂದು ಅವನಿಗೆ ಭಯ.

ದೆಹಲಿ ನಂಬರು:
ಹಾಗಾದರೆ ಗಾಡಿಯನ್ನು ಆಮೇಲೆ ನೋಡಿ. ಮೊದಲು ಸರ್ವೆ ನಕಾಶೆ ತೆಗೆಸಿ. ಬಂಡಿದಾರಿ ಎಂದು ಅದರಲ್ಲಿ ಗುರುತು ಇದ್ದರೆ ಅವನು ಏನೂ ಮಾಡುವಂತಿಲ್ಲ. ನಾನು ಹೀಗೆಯೇ ಎರಡು ವರ್ಷ ಅಲೆದಿದ್ದೇನೆ, ಆ ಕಥೆಯೇ ಬೇರೆ.

ಕಣದ ಮನೆ:
ನಕಾಶೆ ತೆಗೆಸಿದ ದಿನವೇ ಅವನು ಬೇಲಿ ಹಾಕುತ್ತಾನೆ. ಒಂದು ಬುಟ್ಟಿ ಕಿತ್ತಳೆ ತೆಗೆದುಕೊಂಡು ಅವನ ಮನೆಗೆ ಹೋಗಿ, ಕೂತು ಮಾತಾಡಿ. ಖರ್ಚು ಅರ್ಧರ್ಧ ಎನ್ನಿ.

ಜೀಪು ಬಿಡದವನು:
ಅದೆಲ್ಲ ಇರಲಿ. ಅದೇ ಏರಿನಲ್ಲಿ ಚಿಕ್ಕಪ್ಪನ ಮಗನೂ ಮನೆಗೆ ಹೋಗಬೇಕಲ್ಲ? ಅವನ ಹತ್ತಿರ ಯಾವ ಗಾಡಿ ಇದೆ?

ಏರುದಾರಿ:
ಬೊಲೆರೊ. ಹಿಂದಿನ ಚಕ್ರ ಮಾತ್ರ ಎಳೆಯುವ ಮಾಮೂಲಿ ಬೊಲೆರೊ. ಜೂನ್ ಬಂತೆಂದರೆ ಹಿಂದೆ ಎರಡು ಮೂಟೆ ಮರಳು ಹಾಕಿಕೊಳ್ಳುತ್ತಾನೆ, ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತಾನೆ. ಅಮ್ಮನನ್ನು ಒಂದೆರಡು ಸಲ ಅವನೇ ಮೇಲಕ್ಕೆ ಬಿಟ್ಟಿದ್ದಾನೆ.