ಹುಳಿ, ಮುದ್ದೆ, ಹೋಳಿಗೆ ಬಿಡದೆ ತೂಕ ಇಳಿಸಬೇಕು: ಮನೆ ಅಡುಗೆಗೆ ಕ್ಯಾಲರಿ ಲೆಕ್ಕ ಹಾಕೋದು ಹೇಗೆ?

ಹುರುಳಿಸಾರು_ಜಯನಗರ (ಪ್ರಶ್ನೆ)

42 ವರ್ಷ, ಹೆಂಗಸು, ಎತ್ತರ 157 ಸೆಂ.ಮೀ., ತೂಕ 72 ಕೆ.ಜಿ. ಕೂತು ಮಾಡುವ ಕೆಲಸ, ದಿನಕ್ಕೆ ಐದಾರು ಸಾವಿರ ಹೆಜ್ಜೆ. ಶುಗರ್, ಥೈರಾಯ್ಡ್ ಎರಡೂ ನಾರ್ಮಲ್, ಮಾತ್ರೆ ಯಾವುದೂ ಇಲ್ಲ. ಮನೆಯಲ್ಲಿ ಮೂವರು, ಒಲೆ ಮೇಲೆ ಒಂದೇ ಅಡುಗೆ. ಬೆಳಿಗ್ಗೆ ದೋಸೆ ಇಲ್ಲವೇ ಅವಲಕ್ಕಿ, ಮಧ್ಯಾಹ್ನ ಅನ್ನ-ಹುಳಿ-ಪಲ್ಯ, ರಾತ್ರಿ ಮುದ್ದೆ. ಕಾಫಿ ಮೂರು. ವಾರಕ್ಕೆರಡು ಸಲ ದರ್ಶಿನಿ.

ಓಟ್ಸ್, ಸಲಾಡ್ ಅಂತ ಬೇರೆ ಅಡುಗೆ ಮಾಡಿಕೊಳ್ಳೋದು ಬೇಡ. ಆದರೆ ಆ್ಯಪ್‌ನಲ್ಲಿ "ಒಂದು ಬಟ್ಟಲು ಸಾಂಬಾರ್" ಅಂತ ಹುಡುಕಿದರೆ ಒಂದೊಂದು ಕಡೆ ಒಂದೊಂದು ಅಂಕಿ. ಯಾವುದನ್ನ ನಂಬೋದು? ದಿನಕ್ಕೆ ಎಷ್ಟು ಇಟ್ಟುಕೊಳ್ಳಬೇಕು? ಗೌರಿ ಹಬ್ಬದಿಂದ ಶುರುವಾಗಿ ಸಂಕ್ರಾಂತಿವರೆಗೆ ಹಬ್ಬಗಳ ಸಾಲೇ ಇದೆ, ಅದನ್ನೂ ಸೇರಿಸಿ ಹೇಳಿ.

ಅಳತೆಚಮಚ

ಮೊದಲು ಗುರಿ. ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದ ಪ್ರಕಾರ ಹೆಂಗಸರಿಗೆ ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಲ್ಲಿ ವಯಸ್ಸಿನ ಐದರಷ್ಟನ್ನೂ 161ನ್ನೂ ಕಳೆಯಬೇಕು. ನಿಮಗೆ 720 + 981 − 210 − 161, ಅಂದರೆ 1,330. ಇದು ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದದ್ದು. ನಿಮ್ಮ ದಿನಚರಿಗೆ 1.35ರಿಂದ ಗುಣಿಸಿದರೆ 1,800ರ ಹತ್ತಿರ ಬರುತ್ತದೆ. ಅದರಲ್ಲಿ 350 ಕಳೆದು 1,450 ಇಟ್ಟುಕೊಳ್ಳಿ. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಕೊರತೆ ಬೇಕು, ಹಾಗಾಗಿ ವಾರಕ್ಕೆ 300 ಗ್ರಾಂ ಇಳಿಯುತ್ತದೆ. ಕಮ್ಮಿ ಅನ್ನಿಸಬಹುದು, ಆದರೆ ಮನೆಯವರ ಜೊತೆ ಕೂತು ಅದೇ ಊಟ ಉಂಡುಕೊಂಡು ತಿಂಗಳುಗಟ್ಟಲೆ ನಡೆಸಬಹುದಾದ ವೇಗ ಇದೇ.

ಇನ್ನು ಆ್ಯಪ್. ಬಟ್ಟಲು ಅನ್ನೋದು ಅಳತೆಯೇ ಅಲ್ಲ. ಅದೇ ಹುಳಿಯನ್ನ ಸೌಟು ತಳಕ್ಕೆ ಬಿಟ್ಟು ಎತ್ತಿದರೆ ಬೇಳೆ, ಮೇಲಿಂದ ಎತ್ತಿದರೆ ನೀರು. ಬೆಂದದ್ದನ್ನ ಅಂದಾಜು ಮಾಡೋ ಬದಲು ಹಸಿ ಸಾಮಾನನ್ನೇ ತೂಗಿ. ಒಂದು ಗ್ರಾಂವರೆಗೆ ತೋರಿಸುವ ಅಡುಗೆ ತಕ್ಕಡಿ ಸಾಕು.

ಅನ್ನಕ್ಕೆ ಹೀಗೆ: ಕುಕ್ಕರ್ ಒಳಗಿನ ಖಾಲಿ ಪಾತ್ರೆಯನ್ನ ಒಮ್ಮೆ ತೂಗಿ ಗೋಡೆ ಮೇಲೆ ಬರೆದಿಡಿ, 420 ಗ್ರಾಂ ಅಂದುಕೊಳ್ಳಿ. 300 ಗ್ರಾಂ ಅಕ್ಕಿ ಹಾಕಿದ್ದೀರಿ, 100 ಗ್ರಾಂ ಹಸಿ ಅಕ್ಕಿಗೆ ಸುಮಾರು 350, ಒಟ್ಟು 1,050. ಬೆಂದ ಮೇಲೆ ಪಾತ್ರೆ ಸಮೇತ 1,270 ತೂಗಿದರೆ ಅನ್ನ 850 ಗ್ರಾಂ. ಹಾಗಾದರೆ 100 ಗ್ರಾಂ ಅನ್ನಕ್ಕೆ 124. ಉದುರಾಗಿ ಮಾಡಿದ ದಿನ ಈ ಅಂಕಿ ಏರುತ್ತೆ, ಮೆತ್ತಗೆ ಮಾಡಿದ ದಿನ ಇಳಿಯುತ್ತೆ. ಆ್ಯಪ್‌ಗೆ ಗೊತ್ತಾಗದೇ ಇರೋದು ಇದೇ.

ಬಿಸಿಬೇಳೆಬಾತ್ ಆದರೂ ಅಷ್ಟೇ. ಅಕ್ಕಿ 150 ಗ್ರಾಂ (525), ತೊಗರಿಬೇಳೆ 100 (335), ತರಕಾರಿ 300 (100), ತುಪ್ಪ 30 (270), ಎಣ್ಣೆ 15 (135), ಕಡಲೆಬೀಜ 30 (165), ಕೊಬ್ಬರಿ 15 (100), ಬೆಲ್ಲ-ಹುಣಸೆ-ಪುಡಿ ಎಲ್ಲ ಸೇರಿ 70. ಒಟ್ಟು 1,700. ಇಳಿಸಿದಾಗ ಒಂದೂವರೆ ಕೆ.ಜಿ. ಬಂದರೆ 250 ಗ್ರಾಂ ಬಡಿಸಿಕೊಂಡದ್ದಕ್ಕೆ 285 ಕ್ಯಾಲರಿ, ಹೆದರುವಂಥದ್ದೇನಲ್ಲ. ಮೇಲೆ ಉದುರಿಸುವ ಖಾರಾಬೂಂದಿ ಒಂದು ಹಿಡಿ, 25 ಗ್ರಾಂ, ಅದೊಂದೇ 130. ಮುದ್ದೆ ಇನ್ನೂ ಸುಲಭ: 70 ಗ್ರಾಂ ಹಿಟ್ಟಿನ ಮುದ್ದೆಗೆ 225, ನೀರು ಎಷ್ಟು ಹೀರಿದರೂ ಅಷ್ಟೇ.

ಸೊಪ್ಪು, ಸೋರೆ, ಹೀರೆ, ಬೀನ್ಸ್, ತಿಳಿಸಾರು ತೂಗುತ್ತಾ ಕೂರಬೇಡಿ. ಲೆಕ್ಕ ತಪ್ಪೋದು ಎಣ್ಣೆ, ತುಪ್ಪ, ಕಾಯಿ, ಕಡಲೆಬೀಜ, ಅಕ್ಕಿ, ಸಕ್ಕರೆ, ಈ ಆರರಲ್ಲಿ. ಎಣ್ಣೆ ಡಬ್ಬಿಯನ್ನ ನೇರ ಒಗ್ಗರಣೆ ಸೌಟಿಗೆ ಬಗ್ಗಿಸಿದರೆ ಸಲೀಸಾಗಿ 30 ಮಿ.ಲೀ. ಬೀಳುತ್ತೆ, ಕಣ್ಣಿಗೆ "ಒಂದು ಚಮಚ" ಅನ್ನಿಸುತ್ತೆ. 5 ಮಿ.ಲೀ. ಚಮಚಕ್ಕೆ 40 ಕ್ಯಾಲರಿಯಂತೆ ಅಲ್ಲೇ 240. ಸಾಸಿವೆ ಸಿಡಿಯಲು ಎರಡು ಚಿಕ್ಕ ಚಮಚ ಸಾಕು, ಸೌಟು ಓರೆ ಹಿಡಿದರೆ ಎಣ್ಣೆ ಒಂದೇ ಕಡೆ ನಿಲ್ಲುತ್ತೆ. ದೋಸೆ ಕಾವಲಿಗೆ ಅರ್ಧ ಈರುಳ್ಳಿಯನ್ನ ಎಣ್ಣೆಗೆ ಅದ್ದಿ ಉಜ್ಜಿ.

ಮನೆಯ ಎಣ್ಣೆ ಎಷ್ಟು ಅಂತ ನಿಖರವಾಗಿ ತಿಳಿಯಬೇಕಾದರೆ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಒಂದು ಲೀಟರ್ ಅಂದರೆ 910 ಗ್ರಾಂ, 8,190 ಕ್ಯಾಲರಿ. ಮೂವರಿಗೆ ತಿಂಗಳಿಗೆ 3 ಲೀಟರ್ ಖಾಲಿಯಾದರೆ ತಲೆಗೆ ದಿನಕ್ಕೆ 30 ಗ್ರಾಂ, 270 ಕ್ಯಾಲರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲರಿಯ ದಿನಕ್ಕೇ 27 ಗ್ರಾಂ ಇಟ್ಟಿದೆ. 1,450ರಲ್ಲಿ ನಿಮಗೆ ತುಪ್ಪವೂ ಸೇರಿ 15 ಗ್ರಾಂ ಸಾಕು.

ಪಶ್ಚಿಮದ್ವಾರ_ಲಾಲ್‌ಬಾಗ್

ದರ್ಶಿನಿ ಮತ್ತು ಕಾಫಿ ಬಗ್ಗೆ. ಹೋಟೆಲ್ ಅಂಕಿಗಳೆಲ್ಲ ಅಂದಾಜು, 20% ಜಾಸ್ತಿಯೇ ಹಿಡಿಯಿರಿ.

ಎರಡು ಇಡ್ಲಿ 130ರ ಸುತ್ತಮುತ್ತ. ಉದ್ದಿನ ವಡೆ ಒಂದಕ್ಕೇ ಅಷ್ಟಾಗುತ್ತೆ, ಕೆಲವು ಕಡೆ 150. ಸಾಂಬಾರಿನಲ್ಲಿ ಮುಳುಗಿಸಿದ ವಡೆ ಇನ್ನಷ್ಟು ಎಣ್ಣೆ ಹೀರುತ್ತೆ ಅಂತ ಹೇಳೋರಿದ್ದಾರೆ, ಅದು ಹೀರೋದು ಸಾಂಬಾರನ್ನ. ಮಸಾಲೆ ದೋಸೆ 400, ಬೆಣ್ಣೆ ಹಾಕಿದರೆ 500. ಚೌಚೌ ಬಾತ್‌ನಲ್ಲಿ ಮೋಸ ಹೋಗೋದು ಕೇಸರಿಬಾತ್ ಕಡೆಗೆ: ಆ ಚಿಕ್ಕ ಗುಪ್ಪೆಯಲ್ಲಿ ರವೆ 25 ಗ್ರಾಂ, ಸಕ್ಕರೆ 40, ತುಪ್ಪ 12 ಇದ್ದರೂ 350 ದಾಟುತ್ತೆ. ಕಾಯಿ ಚಟ್ನಿ ಎರಡನೇ ಸಲ ಹಾಕಿಸಿಕೊಂಡರೆ 50–60 ಸೇರಿಸಿ; ಸಾಂಬಾರ್ ಎಷ್ಟು ಸಲವಾದರೂ ಪರವಾಗಿಲ್ಲ.

ಫಿಲ್ಟರ್ ಕಾಫಿಯಲ್ಲಿ ಡಿಕಾಕ್ಷನ್‌ಗೆ ಲೆಕ್ಕವೇ ಇಲ್ಲ. 100 ಮಿ.ಲೀ. ಟೋನ್ಡ್ ಹಾಲಿಗೆ (3% ಕೊಬ್ಬು) 60, ಎರಡು ಚಮಚ ಸಕ್ಕರೆಗೆ 40. ಮೂರು ಲೋಟ ಅಂದರೆ 300, ನಿಮ್ಮ ದಿನದ ಐದನೇ ಒಂದು ಪಾಲು. 6% ಕೊಬ್ಬಿನ ಗಟ್ಟಿ ಹಾಲಾದರೆ 100 ಮಿ.ಲೀ.ಗೆ 85ಕ್ಕೆ ಏರುತ್ತೆ. ಡಿಕಾಕ್ಷನ್ ಸ್ಟ್ರಾಂಗ್ ಮಾಡಿ ಹಾಲು 65 ಮಿ.ಲೀ.ಗೆ ಇಳಿಸಿ, ಸಕ್ಕರೆಯನ್ನ ವಾರಕ್ಕೆ ಅರ್ಧ ಚಮಚದಂತೆ ಕಮ್ಮಿ ಮಾಡಿ. ಒಮ್ಮೆಲೇ ಬಿಟ್ಟರೆ ನಾಲಿಗೆ ಒಪ್ಪಲ್ಲ. ಹೊರಗೆ ಬೈಟು ಹೇಳಿ.

ಇನ್ನೊಂದು: 72 ಕೆ.ಜಿ.ಗೆ 4 ಕಿ.ಮೀ. ನಡಿಗೆ ಅಂದರೆ 150ರಿಂದ 200 ಕ್ಯಾಲರಿ. ಪಾರ್ಕ್ ಗೇಟಿನಿಂದ ಹೊರಬಂದು ಒಂದು ವಡೆ, ಒಂದು ಕಾಫಿ ಆದರೆ ಮುಗೀತು. ನಡೆಯೋದು ಹೃದಯಕ್ಕೆ, ನಿದ್ದೆಗೆ ಬಹಳ ಒಳ್ಳೆಯದು, ಖಂಡಿತ ಬಿಡಬೇಡಿ. ತಿನ್ನೋದಕ್ಕೆ ಪರವಾನಗಿ ಅಂತ ಮಾತ್ರ ಲೆಕ್ಕ ಹಾಕಬೇಡಿ.

ಸಾಮೆನವಣೆ

ಇಷ್ಟೆಲ್ಲ ತೂಗೋದು ಬೇಕಿಲ್ಲ. ಅಕ್ಕಿ ಬದಲು ಸಿರಿಧಾನ್ಯ, ರಿಫೈನ್ಡ್ ಬದಲು ಗಾಣದ ಎಣ್ಣೆ, ಸಕ್ಕರೆ ಬದಲು ಬೆಲ್ಲ. ತೂಕ ತಾನಾಗೇ ಇಳಿಯುತ್ತೆ.

ಅಳತೆಚಮಚ

@ಸಾಮೆನವಣೆ, ಮೂರೂ ಒಳ್ಳೆಯ ಪದಾರ್ಥಗಳೇ, ಆದರೆ ಈ ಪ್ರಶ್ನೆಗೆ ಉತ್ತರವಲ್ಲ. ಸಾಮೆ, ನವಣೆ 100 ಗ್ರಾಂಗೆ 330ರಿಂದ 350. ಅಕ್ಕಿಯೂ ಅಲ್ಲೇ ಇದೆ. ನಾರು ಜಾಸ್ತಿ ಇರೋದರಿಂದ ಬೇಗ ಹೊಟ್ಟೆ ತುಂಬಬಹುದು. ಆಗ ಕಮ್ಮಿ ತಿಂದರೆ ಲಾಭ, ಅಷ್ಟೇ ತಿಂದರೆ ಇಲ್ಲ. ಗಾಣದ ಎಣ್ಣೆಯೂ ಗ್ರಾಂಗೆ 9 ಕ್ಯಾಲರಿಯೇ. ಒಳ್ಳೆ ಎಣ್ಣೆ ಅನ್ನುವ ಧೈರ್ಯದಲ್ಲಿ ಕೈ ಸಡಿಲವಾಗಿ ತೂಕ ಏರಿರುವ ಮನೆಗಳು ಎಷ್ಟೋ ಇವೆ. ಒಂದು ಚಮಚ ಬೆಲ್ಲಕ್ಕೂ ಸಕ್ಕರೆಗೂ ಇರುವ ಅಂತರ ಎರಡು ಕ್ಯಾಲರಿ ದಾಟಲ್ಲ.

ಪಥ್ಯದಪುಟ

ಲೆಕ್ಕ ಸರಿಯಾಗಿದೆ. ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ, ಪ್ರೋಟೀನ್. ನಮ್ಮ ಊಟದಲ್ಲಿ ಅಕ್ಕಿ-ರಾಗಿಯನ್ನ ಹಾಗೇ ಇಟ್ಟು ಉಳಿದದ್ದನ್ನ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಸುಸ್ತು, ಹಸಿವು ಎರಡೂ ಹೆಚ್ಚುತ್ತವೆ. ಇವರಿಗೆ ದಿನಕ್ಕೆ 60 ಗ್ರಾಂ ಆದರೂ ಬೇಕು. ಮನೆ ಅಡುಗೆಯಲ್ಲೇ 1,450ರೊಳಗೆ ಹೀಗೆ ಕೂರಿಸಬಹುದು, ಎಲ್ಲವೂ ಹಸಿ ತೂಕ:

ಹುರುಳಿಕಾಳು 40 ಗ್ರಾಂ (130 ಕ್ಯಾಲರಿ, 9 ಗ್ರಾಂ ಪ್ರೋಟೀನ್), ತೊಗರಿಬೇಳೆ 30 (100, 6.5), ಕೋಸಂಬರಿಗೆ ಹೆಸರುಬೇಳೆ 30 (100, 7), ಮೊಸರು 200 (120, 6.5), ಕಾಫಿಯ ಹಾಲು ಒಟ್ಟು 200 ಮಿ.ಲೀ. (120, 6.5), ರಾಗಿಹಿಟ್ಟು 70 (225, 5), ಅವಲಕ್ಕಿ 35 ಮತ್ತು ಅಕ್ಕಿ 40 (265, 6), ಮೊಟ್ಟೆ ಎರಡು (140, 13), ಎಣ್ಣೆ-ತುಪ್ಪ 15 (135), ಕಾಯಿತುರಿ 10 (35), ತರಕಾರಿ-ಸೊಪ್ಪು 350–400 (80). ಮೊಟ್ಟೆ ತಿನ್ನದವರು 30 ಗ್ರಾಂ ಸೋಯಾ ಚಂಕ್ಸ್ ಪಲ್ಯಕ್ಕೆ ಹಾಕಬಹುದು, 100 ಕ್ಯಾಲರಿಗೆ 15 ಗ್ರಾಂ ಪ್ರೋಟೀನ್ ಸಿಗುತ್ತದೆ. ಕಾಫಿಗೆ ಸಕ್ಕರೆ ಬೇಕೇ ಬೇಕು ಅಂದರೆ ಚಮಚಕ್ಕೆ 6 ಗ್ರಾಂನಂತೆ ಅಕ್ಕಿ ಕಡಿಮೆ ಮಾಡಿ. ಮಧ್ಯಾಹ್ನದ ಅನ್ನ 115 ಗ್ರಾಂ ಮಾತ್ರ ಬರುವುದರಿಂದ ಕೋಸಂಬರಿ, ಪಲ್ಯ ಮೊದಲು ತಿಂದು ಆಮೇಲೆ ಅನ್ನ ಕಲಸಿ, ಹುಳಿ ಧಾರಾಳವಾಗಿರಲಿ. ಬಸ್ಸಾರು ಮಾಡುವ ದಿನ ಇದೆಲ್ಲ ತಂತಾನೇ ಆಗುತ್ತದೆ: ಕಾಳು ಮತ್ತು ಸೊಪ್ಪು ಪಲ್ಯಕ್ಕೆ, ಬಸಿದ ನೀರು ಸಾರಿಗೆ.

ಊಟದ ರೀತಿಯೂ ಲೆಕ್ಕದಷ್ಟೇ ಮುಖ್ಯ. ಪಾತ್ರೆಗಳನ್ನ ಟೇಬಲ್ ಮೇಲೆ ಇಟ್ಟುಕೊಂಡು ಉಣ್ಣಬೇಡಿ. ಬಡಿಸಿಕೊಂಡು ಪಾತ್ರೆ ಒಳಗಿಡಿ. ಟಿವಿ, ಫೋನ್ ಇಲ್ಲದೆ 20 ನಿಮಿಷ ಕೂತು ಉಣ್ಣಿ, ಹೊಟ್ಟೆ ತುಂಬಿದ್ದು ತಿಳಿಯಲು ಅಷ್ಟು ಹೊತ್ತು ಬೇಕು. ಬರೆಯದೇ ಉಳಿಯುವುದು ಸಾಮಾನ್ಯವಾಗಿ ಅಡುಗೆ ಮಾಡುತ್ತಾ ಬಾಯಿಗೆ ಹಾಕಿದ ಕಡಲೆಬೀಜ, ಮಕ್ಕಳ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ಸಂಜೆ ಬೇಕರಿಯ ಕಾಂಗ್ರೆಸ್ ಕಡಲೆಬೀಜ. 30 ಗ್ರಾಂ ಕಡಲೆಬೀಜಕ್ಕೆ 170 ಕ್ಯಾಲರಿ.

ತೂಕವನ್ನು ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನುವ ಮುಂಚೆ ನೋಡಿ, ಏಳು ದಿನದ ಸರಾಸರಿ ತೆಗೆಯಿರಿ. ಮೊದಲ ವಾರ ಒಂದು ಕೆ.ಜಿ. ಇಳಿದರೆ ಅದರಲ್ಲಿ ಹೆಚ್ಚಿನದು ನೀರು. ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾದ ಮಾರನೇ ದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದು ಕೆ.ಜಿ. ಏರುವುದೂ ನೀರೇ. ನಾಲ್ಕು ವಾರ ಸರಾಸರಿ ಅಲ್ಲಾಡದಿದ್ದರೆ ಅನ್ನ ಕಡಿಮೆ ಮಾಡುವ ಮುಂಚೆ ಒಂದು ವಾರ ಎಣ್ಣೆಯನ್ನ ಮತ್ತೆ ಅಳೆಯಿರಿ. ಐದು ಕೆ.ಜಿ. ಇಳಿದ ಮೇಲೆ ಸೂತ್ರ ಮತ್ತೆ ಹಾಕಿ, ಖರ್ಚು ಸುಮಾರು 65 ಕ್ಯಾಲರಿ ಕಡಿಮೆಯಾಗಿರುತ್ತದೆ.

ಓದುತ್ತಿರುವ ಬೇರೆಯವರಿಗೆ: ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರು ಅನ್ನ-ರಾಗಿ ಇಳಿಸಿದರೆ ಶುಗರ್ ತೀರಾ ಕೆಳಗೆ ಬೀಳಬಹುದು, ಮೊದಲು ಡಾಕ್ಟರ ಹತ್ತಿರ ಡೋಸ್ ಮಾತಾಡಿ. ಬಸುರಿ, ಬಾಣಂತಿಯರಿಗೆ ಈ ಲೆಕ್ಕ ಅಲ್ಲ. 1,200ಕ್ಕಿಂತ ಕೆಳಗೆ ನೀವಾಗಿಯೇ ಇಳಿಯಬೇಡಿ. ತೀರಾ ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ, ಎರಡು ಮೂರು ತಿಂಗಳ ನಂತರ ಕೂದಲು ಉದುರುವ ಸಂಭವ ಇದೆ.

ಹುರುಳಿಸಾರು_ಜಯನಗರ

ಎಲ್ಲರಿಗೂ ಧನ್ಯವಾದ. ಹಬ್ಬದ ಎಲೆ ಊಟಕ್ಕೆ ಏನು ಮಾಡೋದು? ತಕ್ಕಡಿ ತಗೊಂಡು ಪಂಕ್ತಿಯಲ್ಲಿ ಕೂರೋಕಾಗಲ್ಲ, "ಇನ್ನೊಂದು ಹಾಕಿಸ್ಕೊಳ್ಳಿ" ಅಂದಾಗ ಬೇಡ ಅನ್ನೋದೂ ಕಷ್ಟ.

ಅಳತೆಚಮಚ

ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಹಿಡಿಯಿರಿ. 1,450ರಂತೆ ವಾರಕ್ಕೆ 10,150. ಹಬ್ಬದ ದಿನಕ್ಕೆ 2,200 ಕೊಟ್ಟರೆ ಉಳಿದ ಆರು ದಿನಕ್ಕೆ 1,325. ಒಂದು ಕಾಫಿ, ಒಂದು ಚಮಚ ಎಣ್ಣೆ ಬಿಟ್ಟರೆ ಅಷ್ಟಾಯಿತು. ಹಬ್ಬದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿರಬೇಡಿ, ಮಧ್ಯಾಹ್ನ ಎರಡು ಗಂಟೆಗೆ ಎಲೆ ಮುಂದೆ ಕೂತಾಗ ಕೈ ತಡೆಯೋಕಾಗಲ್ಲ. ಒಂದು ಲೋಟ ಮಜ್ಜಿಗೆ, ಒಂದು ಹಣ್ಣು ಆಗಿರಲಿ.

ಎಲೆಯ ಮೇಲೆ ಕೋಸಂಬರಿ, ಪಲ್ಯ ಎರಡು ಸಲ ಕೇಳಿ ಹಾಕಿಸಿಕೊಳ್ಳಿ; ಬಡಿಸುವವರಿಗೂ ಸಮಾಧಾನ, ಆಮೇಲೆ "ಇನ್ನೊಂದು" ಅನ್ನೋ ಒತ್ತಾಯ ಸಡಿಲವಾಗುತ್ತೆ. ಚಿತ್ರಾನ್ನ ಒಂದು ಹಿಡಿ, ಅನ್ನ ಮೊದಲ ಸಲ ಸ್ವಲ್ಪವೇ ಹಾಕಿಸಿಕೊಂಡರೆ ಎರಡನೇ ಸಲಕ್ಕೆ ಬೇಡ ಅನ್ನಬೇಕಾಗಿಲ್ಲ. ಹೋಳಿಗೆ ಒಂದಕ್ಕೆ ಮೈದಾ 20 ಗ್ರಾಂ, ಬೇಳೆ 20, ಬೆಲ್ಲ 20, ಎಣ್ಣೆ 5 ಅಂತ ಹಿಡಿದರೆ 260. ಮೇಲೆ ಸುರಿಯುವ ಒಂದು ದೊಡ್ಡ ಚಮಚ ತುಪ್ಪ 110ಕ್ಕೂ ಜಾಸ್ತಿ. ಅದರ ಬದಲು ಅರ್ಧ ಬಟ್ಟಲು ಬಿಸಿ ಹಾಲಲ್ಲಿ ನೆನೆಸಿದರೆ 45ರಲ್ಲಿ ಮುಗಿಯುತ್ತೆ. ಹೋಳಿಗೆ ಇದ್ದ ದಿನ ಪಾಯಸ ಎರಡು ಚಮಚ, ರುಚಿಗೆ.

ಹಬ್ಬ ಕೆಡಿಸೋದು ಆ ಒಂದು ಊಟ ಅಲ್ಲ, ಡಬ್ಬಿಯಲ್ಲಿ ಉಳಿದು ವಾರವಿಡೀ ಕೈಗೆ ಸಿಗುವ ಚಕ್ಕುಲಿ, ಕೋಡುಬಳೆ, ಎಳ್ಳು-ಬೆಲ್ಲ. ಇವೆಲ್ಲ 100 ಗ್ರಾಂಗೆ 500ರ ಆಸುಪಾಸು. ಎಳ್ಳು ಬೀರೋಕೆ ಹೋಗುವಾಗ ಮನೆಗೆ ಎಷ್ಟು ಬೇಕೋ ಅಷ್ಟು, ಒಬ್ಬರಿಗೆ 30 ಗ್ರಾಂ ಪೊಟ್ಟಣ, ಎತ್ತಿಟ್ಟು ಉಳಿದದ್ದನ್ನ ಬೀರಿ ಮುಗಿಸಿ. ಕಡಲೆಕಾಯಿ ಪರಿಷೆಗೆ ಬಸವನಗುಡಿಗೆ ಹೋದರೆ ಹುರಿದದ್ದಕ್ಕಿಂತ ಬೇಯಿಸಿದ್ದು ಕೊಳ್ಳಿ. ನೀರು ಹೀರಿರೋದರಿಂದ ಅದೇ ತೂಕದ ಬೀಜಕ್ಕೆ ಕ್ಯಾಲರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಸಿಪ್ಪೆ ಬಿಡಿಸುತ್ತಾ ತಿನ್ನೋದು ನಿಧಾನವೂ ಆಗುತ್ತೆ.

ಹೂರಣ ಉಳಿದರೆ 60 ಗ್ರಾಂ ಉಂಡೆಗಳಾಗಿ ಕಟ್ಟಿ ಫ್ರೀಜರ್‌ನಲ್ಲಿಡಿ. ಭಾನುವಾರಕ್ಕೊಂದು ಇಳಿಸಿ ತಟ್ಟಿಕೊಂಡರೆ ಅದೇ 260, ಆ ವಾರದ ಲೆಕ್ಕದಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ.