ಪದಚರ್ಚೆ: ಪ್ರಾಸ್ಟೇಟ್ ಕ್ಯಾನ್ಸರ್ ಕುರಿತ ಬರಹದಲ್ಲಿ ‘ಜನಾಂಗ’, ‘ವಂಶ’, ‘ಆನುವಂಶಿಕ’

ಮಾನ್ಯ ಸದಸ್ಯರಿಗೆ ನಮಸ್ಕಾರಗಳು.

ಪ್ರಾಸ್ಟೇಟ್ ಕ್ಯಾನ್ಸರ್ ಇರುವವರ ಮನೆಯವರು ಓದಲೆಂದು ಬೆಂಗಳೂರಿನಲ್ಲಿ ನಾವು ಕೆಲವರು ಸೇರಿ ಒಂದು ಕನ್ನಡ ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇವೆ. ಜಗತ್ತಿನ ಬೇರೆ ಬೇರೆ ಭಾಗಗಳ ಗಂಡಸರಲ್ಲಿ ಈ ಕಾಯಿಲೆ ಜೀನ್‌ಗಳ ಮಟ್ಟದಲ್ಲಿ ಹೇಗೆ ಭಿನ್ನವಾಗಿದೆ ಎಂಬುದನ್ನು ವಿವರಿಸುವ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಮೂರು ಪದಗಳ ಬಳಕೆಯ ಕುರಿತು ನಿಮ್ಮ ಅಭಿಪ್ರಾಯ ಬೇಕಾಗಿದೆ. ಓದುಗರು ಆ ಪದಗಳನ್ನು ಅರ್ಥ ಮಾಡಿಕೊಳ್ಳುವ ರೀತಿಯ ಮೇಲೆ ಯಾರು ಪರೀಕ್ಷೆಗೆ ಹೋಗುತ್ತಾರೆ, ಯಾರು ಹೋಗುವುದಿಲ್ಲ ಎಂಬುದು ನಿಂತಿರುವುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲನೆಯದು ‘ಜನಾಂಗ’. ಇಂಗ್ಲಿಷಿನ ‘ರೇಸ್’, ‘ಎತ್ನಿಸಿಟಿ’, ‘ಆನ್ಸೆಸ್ಟ್ರಿ’ ಮೂರಕ್ಕೂ ನಮ್ಮ ಪತ್ರಿಕೆಗಳು ಇದೊಂದನ್ನೇ ಬಳಸುತ್ತಿವೆ. ಈ ವಿಷಯದಲ್ಲಾದರೋ ಮೂರೂ ಬೇರೆ ಬೇರೆ. ಅಮೆರಿಕದಲ್ಲಿ ಈ ಕ್ಯಾನ್ಸರಿನಿಂದ ಸಾಯುವ ಕಪ್ಪು ಜನರ ಪ್ರಮಾಣ ಬಿಳಿಯರದಕ್ಕಿಂತ ಸುಮಾರು ಎರಡು ಪಟ್ಟು ಇದೆ. ಈ ಲೆಕ್ಕ ಹುಟ್ಟುವುದು ಜನರು ತಮ್ಮನ್ನು ತಾವು ಏನೆಂದು ಗುರುತಿಸಿಕೊಂಡಿದ್ದಾರೆ ಎಂಬುದರ ಮೇಲೆ. ಅದರೊಳಗೆ ಆದಾಯ, ವಿಮೆ, ಆಸ್ಪತ್ರೆಗೆ ಇರುವ ದೂರ, ಕಾಯಿಲೆ ಯಾವ ಹಂತದಲ್ಲಿ ಪತ್ತೆಯಾಯಿತು ಎಂಬುದೆಲ್ಲ ಸೇರಿಕೊಂಡಿರುತ್ತದೆ. ಎಲ್ಲರಿಗೂ ಸರಿಸಮನಾದ ಚಿಕಿತ್ಸೆ ಸಿಗುವ ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಸಾವಿನ ಅಂತರ ಬಹಳ ಕಿರಿದಾಗುವುದನ್ನು ಅಧ್ಯಯನಗಳು ತೋರಿಸಿವೆ. ಆದುದರಿಂದ ಈ ವಾಕ್ಯದಲ್ಲಿ ಬರುವ ‘ರೇಸ್’ ಸಮಾಜ ಮಾಡಿರುವ ವಿಂಗಡಣೆ. ಅದಕ್ಕೆ ‘ಜನಾಂಗ’ ಎಂದರೆ ನನ್ನ ಆಕ್ಷೇಪವಿಲ್ಲ.

ಆದರೆ 2006ರಲ್ಲಿ ಎಂಟನೆಯ ವರ್ಣತಂತುವಿನ (ಜೀನ್‌ಗಳನ್ನು ಹೊತ್ತಿರುವ ಎಳೆ, ಕ್ರೋಮೋಸೋಮ್) 8ಕ್ಯೂ24 ಎಂಬ ಭಾಗಕ್ಕೂ ಈ ಕ್ಯಾನ್ಸರಿಗೂ ಇರುವ ನಂಟು ಬೆಳಕಿಗೆ ಬಂದ ಬಗೆಯನ್ನು ಬರೆಯಹೊರಟಾಗ ಈ ಪದ ಕೈಕೊಡುತ್ತದೆ. ಅದನ್ನು ಕಂಡುಕೊಂಡ ಒಂದು ದಾರಿ ಐಸ್‌ಲ್ಯಾಂಡಿನ ಕುಟುಂಬಗಳ ಅಧ್ಯಯನ. ಇನ್ನೊಂದು ದಾರಿಯಲ್ಲಿ, ಆಫ್ರಿಕ ಮತ್ತು ಯುರೋಪ್ ಎರಡೂ ಕಡೆಯ ಪೂರ್ವಿಕರಿರುವ ಅಮೆರಿಕದ ಗಂಡಸರ ವರ್ಣತಂತುಗಳನ್ನು ತುಣುಕು ತುಣುಕಾಗಿ ನೋಡಿ, ಯಾವ ತುಣುಕು ಯಾವ ಖಂಡದಿಂದ ಬಂದದ್ದು ಎಂದು ಗುರುತಿಸಿದರು. ಕ್ಯಾನ್ಸರ್ ಬಂದವರಲ್ಲಿ ಆ ಒಂದು ಜಾಗದಲ್ಲಿ ಮಾತ್ರ ಆಫ್ರಿಕದಿಂದ ಬಂದ ತುಣುಕು ನಿರೀಕ್ಷೆಗಿಂತ ಹೆಚ್ಚಾಗಿತ್ತು. ಅಂದರೆ ‘ಆನ್ಸೆಸ್ಟ್ರಿ’ ಎಂಬುದು ಇಲ್ಲಿ ಇಡೀ ಮನುಷ್ಯನಿಗೆ ಅಂಟಿಸುವ ಹೆಸರಲ್ಲ. ಒಬ್ಬನೇ ಮನುಷ್ಯನ ಒಂದು ತುಣುಕಿಗೆ ಒಂದು, ಪಕ್ಕದ ತುಣುಕಿಗೆ ಇನ್ನೊಂದು ಇರಬಹುದು. ‘ಈ ತುಣುಕಿನ ಜನಾಂಗ’ ಎಂದು ಕನ್ನಡದಲ್ಲಿ ಹೇಳಲಾಗದು. ‘ಈ ತುಣುಕಿನ ಮೂಲ ಆಫ್ರಿಕ’ ಎಂದು ಯಾವ ತೊಡಕೂ ಇಲ್ಲದೆ ಹೇಳಬಹುದು. ಈ ಕಾರಣಕ್ಕೆ ನಾನು ‘ಮೂಲ’ದತ್ತ ವಾಲಿದ್ದೇನೆ.

ಇದರ ಜೊತೆಗೆ ‘ಜನಾಂಗ’ಕ್ಕೆ ನಮ್ಮಲ್ಲಿ ಇನ್ನೆರಡು ಅರ್ಥಗಳು ಗಟ್ಟಿಯಾಗಿ ಕೂತಿವೆ. ‘ಯುವಜನಾಂಗ’, ‘ಮುಂದಿನ ಜನಾಂಗ’ ಎನ್ನುವಾಗ ಅದು ತಲೆಮಾರು. ‘ನಮ್ಮ ಜನಾಂಗದವರ ಸಮಾವೇಶ’ ಎನ್ನುವಾಗ ಅದು ಜಾತಿ. ‘ಕೆಲವು ಜನಾಂಗಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚು’ ಎಂದು ಬರೆದರೆ ಬೆಂಗಳೂರಿನ ಓದುಗರು ಮೊದಲು ತಮ್ಮ ಜಾತಿಯ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಹುಡುಕುತ್ತಾರೆ. ಅದು ಅಧ್ಯಯನಗಳು ಹೇಳಿರುವ ಮಾತಲ್ಲ. ನಮ್ಮ ದೇಶದಲ್ಲಿ ಒಳವಿವಾಹದಿಂದಾಗಿ ಸಮುದಾಯಗಳ ನಡುವೆ ಜೀನ್‌ಗಳ ವ್ಯತ್ಯಾಸ ಉಳಿದುಕೊಂಡು ಬಂದಿರುವುದು ನಿಜ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆಯು ದೇಶದ ಹಲವು ಸಮುದಾಯಗಳ ಸುಮಾರು 10,000 ಜನರ ಜೀನೋಮ್ (ಒಬ್ಬರ ಜೀನ್‌ಗಳ ಪೂರ್ತಿ ಬರಹ) ಓದಿರುವುದೂ ಆ ವೈವಿಧ್ಯವನ್ನು ತಿಳಿಯುವುದಕ್ಕಾಗಿಯೇ. ಆದರೆ ಖಂಡಗಳ ನಡುವಿನ ವ್ಯತ್ಯಾಸವನ್ನು ಹೇಳುವ ವಾಕ್ಯವು ಜಾತಿಗಳ ನಡುವಿನ ವ್ಯತ್ಯಾಸವನ್ನು ಹೇಳಿದಂತೆ ಕೇಳಿಸಬಾರದು.

ಎರಡನೆಯ ಪದ ‘ವಂಶ’. ನನ್ನನ್ನು ಹೆಚ್ಚು ಕಾಡುತ್ತಿರುವುದು ಇದೇ. ‘ವಂಶಮೂಲ’, ‘ವಂಶಪಾರಂಪರ್ಯ’, ‘ನಿಮ್ಮ ವಂಶದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ?’ ಎಂಬೆಲ್ಲ ಮಾತುಗಳು ಸಹಜವಾಗಿವೆ, ನಿಜ. ಆದರೆ ‘ವಂಶೋದ್ಧಾರಕ’ ಎಂದರೆ ಮಗ, ‘ವಂಶ ನಿಂತುಹೋಯಿತು’ ಎಂದರೆ ಗಂಡುಮಕ್ಕಳಿಲ್ಲ ಎಂದು ಅರ್ಥವಾಗುವ ನುಡಿಯಲ್ಲಿ ‘ವಂಶ’ ಎಂದರೆ ತಂದೆಯ ಕಡೆ ಮಾತ್ರ. ಅದರಲ್ಲೂ ಪ್ರಾಸ್ಟೇಟ್ ಗ್ರಂಥಿ ಇರುವುದು ಗಂಡಸರಿಗಷ್ಟೇ ಆದುದರಿಂದ, ಪ್ರಶ್ನೆ ಕೇಳಿದೊಡನೆ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ಅಜ್ಜ ಇವರಷ್ಟೇ ನೆನಪಿಗೆ ಬರುತ್ತಾರೆ. ಈ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವ ಮುಖ್ಯ ಜೀನ್‌ಗಳಲ್ಲಿ ಒಂದಾದ ಬಿಆರ್‌ಸಿಎ2 ಹದಿಮೂರನೆಯ ವರ್ಣತಂತುವಿನಲ್ಲಿದೆ. ಅದರ ದೋಷ ತಾಯಿಯಿಂದಲೂ ಬರುತ್ತದೆ, ತಂದೆಯಿಂದಲೂ ಬರುತ್ತದೆ. ಹೆಂಗಸರಲ್ಲಿ ಅದೇ ದೋಷ ಸ್ತನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಆಗಿ ತೋರಬಹುದು. ಹಾಗಾಗಿ ಅಮ್ಮನ ತವರಿನಲ್ಲಿ ಚಿಕ್ಕಮ್ಮನಿಗೋ ಅಜ್ಜಿಗೋ ಸ್ತನ ಕ್ಯಾನ್ಸರ್ ಬಂದಿತ್ತು ಎಂಬುದು ಮಗನ ಪ್ರಾಸ್ಟೇಟಿನ ಮಟ್ಟಿಗೆ ವೈದ್ಯರಿಗೆ ಅತ್ಯಂತ ಬೇಕಾದ ಮಾಹಿತಿ. ‘ವಂಶದಲ್ಲಿ ಇತ್ತೇ?’ ಎಂದು ಕೇಳಿದರೆ ಆ ಮಾಹಿತಿ ಹೊರಗೇ ಬರುವುದಿಲ್ಲ; ‘ತಾಯಿಯ ಕಡೆ, ತಂದೆಯ ಕಡೆ, ಹೆಂಗಸರೂ ಸೇರಿ ಯಾರಿಗಾದರೂ ಯಾವುದೇ ಕ್ಯಾನ್ಸರ್ ಬಂದಿತ್ತೇ?’ ಎಂದು ಬಿಡಿಸಿಯೇ ಕೇಳಬೇಕು. ಆದುದರಿಂದ ಹೊತ್ತಗೆಯಲ್ಲಿ ‘ವಂಶಮೂಲ’ವನ್ನು ಬಿಟ್ಟು ‘ಪೂರ್ವಿಕರ ಮೂಲ’ ಎಂದು ಬಳಸಬೇಕೆಂದಿದ್ದೇನೆ. ಪೂರ್ವಿಕರು ಎಂದಾಗ ಅಜ್ಜಿಯರೂ ಓದುಗರ ಕಣ್ಣಮುಂದೆ ಬರುತ್ತಾರೆಯೇ ಎಂಬ ಅನುಮಾನ ಮಾತ್ರ ಉಳಿದಿದೆ.

ಮೂರನೆಯದು ‘ಆನುವಂಶಿಕ’. ‘ಜೆನೆಟಿಕ್’ ಎಂದು ಬಂದ ಕಡೆಯಲ್ಲೆಲ್ಲ ನಾವು ಇದನ್ನೇ ಹಾಕುತ್ತೇವೆ. ಆದರೆ ಈ ವಿಷಯದಲ್ಲಿ ಜೀನ್‌ಗಳ ಬದಲಾವಣೆ ಎರಡು ಬಗೆಯದು. ಒಂದು, ಹುಟ್ಟುವಾಗಲೇ ಬಂದು ದೇಹದ ಎಲ್ಲ ಜೀವಕೋಶಗಳಲ್ಲಿಯೂ ಇರುವಂಥದು. ಹಾಕ್ಸ್‌ಬಿ13 ಎಂಬ ಜೀನ್ ಇದಕ್ಕೆ ಒಳ್ಳೆಯ ಉದಾಹರಣೆ: ಅದರ ಜಿ84ಇ ಎಂಬ ಬದಲಾವಣೆ ಯುರೋಪ್ ಮೂಲದವರಲ್ಲಿ, ಅದರಲ್ಲೂ ಉತ್ತರದ ದೇಶಗಳವರಲ್ಲಿ ಹೆಚ್ಚು, ಚೀನಾದವರಲ್ಲಿ ಜಿ135ಇ, ಜಪಾನಿನವರಲ್ಲಿ ಜಿ132ಇ, ಪಶ್ಚಿಮ ಆಫ್ರಿಕ ಮೂಲದವರಲ್ಲಿ ಎಕ್ಸ್285ಕೆ ಕಂಡಿವೆ. ಒಂದೇ ಜೀನ್, ಬೇರೆ ಬೇರೆ ಮೂಲದವರಲ್ಲಿ ಬೇರೆ ಬೇರೆ ಜಾಗದಲ್ಲಿ ಕೆಟ್ಟಿದೆ. ಇವನ್ನು ‘ಆನುವಂಶಿಕ’ ಎಂದರೆ ಸರಿಯೇ.

ಇನ್ನೊಂದು ಬಗೆ, ವಯಸ್ಸಾದ ಮೇಲೆ ಗಡ್ಡೆಯ ಜೀವಕೋಶಗಳಲ್ಲಿ ಮಾತ್ರ ಉಂಟಾಗುವಂಥದು. ಇಪ್ಪತ್ತೊಂದನೆಯ ವರ್ಣತಂತುವಿನ ಟಿಎಮ್‌ಪಿಆರ್‌ಎಸ್‌ಎಸ್2 ಮತ್ತು ಇಆರ್‌ಜಿ ಎಂಬ ಎರಡು ಜೀನ್‌ಗಳು ಬೆಸೆದುಕೊಳ್ಳುವುದನ್ನು 2005ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡ ಕಂಡುಹಿಡಿಯಿತು. ಈ ಬೆಸುಗೆ ಯುರೋಪ್ ಮೂಲದವರ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಸಿಗುತ್ತದೆ. ಆಫ್ರಿಕ ಮೂಲದವರಲ್ಲಿಯೂ ಪೂರ್ವ ಏಷ್ಯದವರಲ್ಲಿಯೂ ಬಹಳ ಕಡಿಮೆ. 2020ರಲ್ಲಿ ಪ್ರಕಟವಾದ ಚೀನಾದ 208 ರೋಗಿಗಳ ಅಧ್ಯಯನದಲ್ಲಿ ಫಾಕ್ಸ್‌ಎ1 ಎಂಬ ಜೀನಿನ ಬದಲಾವಣೆ ಶೇ 41ರಷ್ಟು ಗಡ್ಡೆಗಳಲ್ಲಿತ್ತು. ಪೂರ್ವಿಕರ ಮೂಲಕ್ಕೆ ತಕ್ಕಂತೆ ಇವುಗಳ ಪ್ರಮಾಣ ಬೇರೆಯಾದರೂ ಇವು ಯಾರಿಂದಲೂ ಬಂದವಲ್ಲ, ಯಾರಿಗೂ ಹೋಗುವುದೂ ಇಲ್ಲ. ಗಡ್ಡೆಯ ಪರೀಕ್ಷೆಯ ವರದಿಯನ್ನು ‘ಆನುವಂಶಿಕ ಬದಲಾವಣೆ ಕಂಡುಬಂದಿದೆ’ ಎಂದು ಕನ್ನಡಕ್ಕೆ ತಂದರೆ, ರೋಗಿಯ ಮಗ ತನಗೂ ಇದು ತಪ್ಪಿದ್ದಲ್ಲವೆಂದು ಕಾರಣವಿಲ್ಲದೆ ಎದೆಗುಂದುತ್ತಾನೆ. ‘ವಂಶವಾಹಿಯಲ್ಲಿ ಬದಲಾವಣೆ’ ಎಂದರೂ ಇದೇ ತೊಂದರೆ, ಏಕೆಂದರೆ ವಂಶ ಆ ಪದದೊಳಗೇ ಕೂತಿದೆ. ಅದಕ್ಕಾಗಿ ‘ಜೀನ್’ ಎಂಬುದನ್ನೇ ಉಳಿಸಿಕೊಂಡು, ‘ಹುಟ್ಟಿನಿಂದ ಬಂದ ಜೀನ್ ಬದಲಾವಣೆ’, ‘ಗಡ್ಡೆಯಲ್ಲಿ ಉಂಟಾದ ಜೀನ್ ಬದಲಾವಣೆ’ ಎಂದು ಪ್ರತಿ ಸಲವೂ ಬಿಡಿಸಿ ಬರೆಯುತ್ತಿದ್ದೇನೆ. ಉದ್ದವಾದರೂ ಚಿಂತೆಯಿಲ್ಲ ಎಂಬುದು ನನ್ನ ನಿಲುವು.

‘ತಳಿ’ಯನ್ನು ಕೈಬಿಟ್ಟಿದ್ದೇನೆ. ರಾಗಿಗೂ ಹಳ್ಳಿಕಾರ್ ಎತ್ತಿಗೂ ಒಪ್ಪುವ ಆ ಮಾತನ್ನು ಮನುಷ್ಯರಿಗೆ ಬಳಸಲು ಮನಸ್ಸು ಬರುವುದಿಲ್ಲ. ಜೀನಿನ ಬದಲಾವಣೆಗೆ ‘ರೂಪಾಂತರಿ’ ಎಂದೊಡನೆ ಕೊರೊನಾ ನೆನಪಾಗುವುದರಿಂದ ಅದೂ ಬೇಡವೆನಿಸಿತು.

ನನ್ನ ಕೇಳಿಕೆ ಇಷ್ಟು. ತಾಯಿಯ ಕಡೆಯನ್ನೂ ತಂದೆಯ ಕಡೆಯನ್ನೂ ಸಮನಾಗಿ ಒಳಗೊಳ್ಳುವ, ಜಾತಿಯ ಸೋಂಕಿಲ್ಲದ ಪದ ನಿಮ್ಮ ಕಡೆಯ ಆಡುನುಡಿಯಲ್ಲಿ ಇದೆಯೇ? ‘ಹಿರೀಕರು’ ಎಂದರೆ ಉತ್ತರ ಕರ್ನಾಟಕದಲ್ಲಿ ಅಜ್ಜಿ, ಮುತ್ತಜ್ಜಿಯರೂ ಸೇರುತ್ತಾರೆಯೇ? ಕರಾವಳಿಯಲ್ಲಿ ತಾಯಿಯಿಂದ ‘ಬಳಿ’ಯನ್ನು (ಕುಲವನ್ನು) ಎಣಿಸುವ ಕುಟುಂಬದವರು ‘ವಂಶ’ ಎಂಬ ಮಾತನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ? ವೈದ್ಯರಾಗಿರುವ ಸದಸ್ಯರು, ಹೊರರೋಗಿ ವಿಭಾಗದಲ್ಲಿ ಕುಟುಂಬದ ಕಾಯಿಲೆಗಳ ವಿವರವನ್ನು ಕನ್ನಡದಲ್ಲಿ ಯಾವ ಮಾತುಗಳಿಂದ ಕೇಳಿದರೆ ಪೂರ್ತಿ ಉತ್ತರ ಸಿಗುತ್ತದೆ ಎಂಬುದನ್ನು ತಿಳಿಸಿದರೆ ಆ ವಾಕ್ಯವನ್ನೇ ಹೊತ್ತಗೆಯಲ್ಲಿ ಸೇರಿಸಿಕೊಳ್ಳುತ್ತೇನೆ.

ವಂದನೆಗಳೊಂದಿಗೆ.