ಕಂಪ್ಯೂಟರ್ ಸಿಗಲಿಲ್ಲ ಅಂತ ಅತ್ತ ಮಗಳು ಈಗ ಮಳೆ ಅಳೀತಿದ್ದಾಳೆ. ಅಳತೆ ಸರಿಯಿದೆಯಾ? ಮುಂದೆ ಏನು ಓದಿಸಬಹುದು?

ಪ್ರಶ್ನೆ: ಹೊಸನಗರದ ಅಡಿಕೆ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹುಲಿಕಲ್ ಘಾಟಿಯಿಂದ ಈಚೆ. ಮಗಳು ಒಂಬತ್ತನೇ ಕ್ಲಾಸು. ಅವಳ ಶಾಲೆಯಲ್ಲಿ ಶನಿವಾರ ಕೊನೆಯ ಎರಡು ಪೀರಿಯಡ್ಡು ಮಕ್ಕಳು ಬೇಕಾದ ವಿಷಯ ಆರಿಸಿಕೊಳ್ಳಬಹುದು. ಇವಳು ಬರೆದುಕೊಟ್ಟಿದ್ದು ಕಂಪ್ಯೂಟರ್. ಜನ ಜಾಸ್ತಿಯಾಗಿ ಚೀಟಿ ಎತ್ತಿದರು, ಇವಳಿಗೆ ಬಂದಿದ್ದು ಹವಾಮಾನ ವೀಕ್ಷಣೆ. ಅವತ್ತು ರಾತ್ರಿ ಊಟ ಮಾಡದೆ ಮಲಗಿದಳು.

ಜೂನ್‌ನಲ್ಲಿ ಮೇಷ್ಟ್ರು ಎರಡು ಲೀಟರಿನ ಜ್ಯೂಸ್ ಬಾಟ್ಲಿ ತರೋಕೆ ಹೇಳಿದರು. ಕುತ್ತಿಗೆ ಕತ್ತರಿಸಿ ಬೋರಲು ಹಾಕಿ ಆಲಿಕೆ ಮಾಡಿದರು. ತಳದ ಗುಳಿ ಮುಚ್ಚೋಕೆ ಸಣ್ಣ ಕಲ್ಲು, ಅದರ ಮೇಲೆ ಸೊನ್ನೆ ಗೆರೆ ತನಕ ನೀರು, ಹೊರಗೆ ಅಂಟಿಸಿದ ಸ್ಕೇಲು. ಇಷ್ಟೇ ಮಳೆಮಾಪಕ. ಬೆಳಿಗ್ಗೆ 8:30ಕ್ಕೆ ನೋಡಿ ಬರೆದು ಖಾಲಿ ಮಾಡಬೇಕು. ಶಾಲೆ ಬಸ್ಸು ಎಂಟಕ್ಕೇ ಬರೋದರಿಂದ ವಾರದ ದಿನ ಆ ಕೆಲಸ ನಮ್ಮ ಅಮ್ಮನದು. ಅಮ್ಮನಿಗೆ ತಾರೀಕಿಗಿಂತ ಮಳೆ ನಕ್ಷತ್ರವೇ ಮುಖ್ಯ. ಹಾಗಾಗಿ ಪಟ್ಟಿಯಲ್ಲಿ ಮೃಗಶಿರ, ಆರಿದ್ರಾ, ಪುನರ್ವಸು ಅಂತ ಬೇರೆ ಬೇರೆ ಪುಟ ಆಗಿದೆ. ಮಗಳು ಪ್ರತಿ ನಕ್ಷತ್ರದ್ದೂ ಕೂಡಿಸಿ ಯಾವುದು ಎಷ್ಟು ಸುರೀತು ಅಂತ ಊಟಕ್ಕೆ ಕೂತಾಗ ಹೇಳ್ತಾಳೆ.

ಪುಷ್ಯ ಮಳೆಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಬಾಗಿಲು ಸದ್ದಾಯ್ತು. ಎದ್ದು ನೋಡಿದರೆ ಇವಳು ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳದಲ್ಲಿ ಕೂತಿದಾಳೆ. ಟಾರ್ಚು ಬಾಯಲ್ಲಿ, ಕಣ್ಣು ನೀರಿನ ಮಟ್ಟದಲ್ಲಿ. ಕಾಲಿಗೆ ಎರಡು ಉಂಬಳ (ಜಿಗಣೆ) ಹತ್ತಿದ್ದೂ ಗೊತ್ತಾಗಿಲ್ಲ. “ಅಪ್ಪಾ, ಬೆಳಿಗ್ಗೆ ತನಕ ಬಿಟ್ಟರೆ ತುಂಬಿ ಚೆಲ್ಲಿ ಲೆಕ್ಕ ತಪ್ಪುತ್ತೆ” ಅಂದಳು. ಮನೆಪಾಠಕ್ಕೆ ಎಬ್ಬಿಸಿದರೂ ಏಳದ ಹುಡುಗಿ ಇವಳು. ನನಗೆ ಮಾತೇ ಬರಲಿಲ್ಲ.

ತೊಂದರೆ ಏನಂದ್ರೆ, ನಾಲ್ಕು ಕಿ.ಮೀ. ದೂರದ ಪಂಚಾಯ್ತಿ ಮಳೆಮಾಪಕಕ್ಕಿಂತ ಇವಳದ್ದು ಯಾವಾಗಲೂ ಕಡಿಮೆ. ಮೊನ್ನೆ ಅಲ್ಲಿ 139 ಮಿ.ಮೀ., ಇಲ್ಲಿ 112. ತನ್ನದೇ ತಪ್ಪು ಅಂತ ಸಪ್ಪಗಾಗಿದ್ದಾಳೆ. ಬಾಟ್ಲಿ ಇಟ್ಟಿರೋದು ಅಂಗಳದ ತುದಿಯಲ್ಲಿ, ತೋಟಕ್ಕೆ ತಾಗಿ.

ಉತ್ತರ 1: ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು

ತೋಟಕ್ಕೆ ತಾಗಿ ಇಟ್ಟರೆ ಕಡಿಮೆ ಬರದೆ ಇನ್ನೇನು ಮಾರಾಯ್ರೆ! ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇರಬೇಕು. ಅಡಿಕೆ ಮರ 40 ಅಡಿ ಅಂದರೆ 80 ಅಡಿ ಆಚೆ. ಗದ್ದೆ ಬದಿಯಲ್ಲಿ ಗೂಟ ಹುಗಿದು ಅಲ್ಲಾಡದ ಹಾಗೆ ಕಟ್ಟಿ.

ಇನ್ನೊಂದು ನೋಡಿ. ಆಲಿಕೆ ಬಾಯಿಯ ಅಗಲ, ಬಾಟ್ಲಿ ಮೈಯ ಅಗಲ ಒಂದೇ ಇದ್ದರೆ ಮಾತ್ರ ಸ್ಕೇಲು ನಿಜ ಹೇಳುತ್ತೆ. ಅನುಮಾನ ಇದ್ದರೆ ಸೊನ್ನೆ ಗೆರೆ ಮೇಲಿನ ನೀರನ್ನು ಔಷಧಿ ಅಳೆಯೋ ಲೋಟಕ್ಕೆ ಸುರಿದು ಅಳೆಯಲಿ. ಬಾಯಿ ಅಡ್ಡಗಲ 10 ಸೆಂ.ಮೀ. ಆದರೆ 785 ಮಿ.ಲೀ. ನೀರಿಗೆ 100 ಮಿ.ಮೀ. ಮಳೆ. ಈ ಲೆಕ್ಕ ಅವಳೇ ಹಾಕಲಿ, ವೃತ್ತದ ವಿಸ್ತೀರ್ಣ ಜನ್ಮದಲ್ಲಿ ಮರೆಯೋಲ್ಲ.

ಇಷ್ಟಾದರೂ ಪೂರ್ತಿ ತಾಳೆ ಆಗಬೇಕಂತಿಲ್ಲ. ಸಮುದ್ರದ ಗಾಳಿ ಘಟ್ಟ ಹತ್ತುವಾಗ ತಣಿದು ಸುರಿಯುತ್ತೆ, ಇಳಿದ ಮೇಲೆ ಬರಿದಾಗುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ನಡುವೆ ಒಂದು ಗುಡ್ಡ ಬಂದರೂ ಲೆಕ್ಕ ಬೇರೆ.

ಉತ್ತರ 2: ಸಾಗರದವಳು, ಈಗ ಕೊಚ್ಚಿಯಲ್ಲಿ

ಅಂಕಲ್, ಓದಿ ಖುಷಿ ತಡೆಯಲಾಗಲಿಲ್ಲ. ನಾನು ಇಲ್ಲಿನ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಹವಾಮಾನ ಶಾಸ್ತ್ರದ ಎಂಎಸ್ಸಿ ಮಾಡ್ತಿದೀನಿ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಬಿಡಿಸಬೇಡಿ, ಉಳಿದಿದ್ದು ಆಮೇಲೆ. ಬೆಂಗಳೂರಿನ ಐಐಎಸ್ಸಿಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನಕ್ಕೇ ಒಂದು ಕೇಂದ್ರ ಇದೆ. ತೋಟದ ಕಡೆ ಮನಸ್ಸಿದ್ದರೆ ಬಿಎಸ್ಸಿ ಅಗ್ರಿ ಮಾಡಿ ಕೃಷಿ ಹವಾಮಾನ ಓದಬಹುದು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಆ ವಿಭಾಗ ಇದೆ.

ಅದೆಲ್ಲಕ್ಕಿಂತ ಆ ಪಟ್ಟಿಯನ್ನು ಜೋಪಾನ ಮಾಡಿ. ಮಳೆ ಬಾರದ ದಿನ ಖಾಲಿ ಬಿಡದೆ ಸೊನ್ನೆ ಬರೆಯಲಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ ನೋಡಲಿಲ್ಲವೋ ಮುಂದೆ ಯಾರಿಗೂ ಗೊತ್ತಾಗಲ್ಲ. ನಾನು ಹೈಸ್ಕೂಲಿನಲ್ಲಿ ಬರೆದಿದ್ದ ಎರಡು ವರ್ಷದ ಲೆಕ್ಕ ಇದೇ ಕಾರಣಕ್ಕೆ ಉಪಯೋಗಕ್ಕೆ ಬರಲಿಲ್ಲ. ಈಗಲೂ ಹೊಟ್ಟೆ ಉರಿಯುತ್ತೆ.

ಪ್ರಶ್ನೆ ಕೇಳಿದವರು:

ಮೇಷ್ಟ್ರೇ, ಗದ್ದೆ ಬದಿಗೆ ಗೂಟ ಹುಗಿದಾಯ್ತು. ಇವತ್ತು ನಮ್ಮದು 96, ಪಂಚಾಯ್ತಿದು 101. ಅವಳ ಮುಖ ನೀವು ನೋಡಬೇಕಿತ್ತು.

ನಿಮಗೆ ಒಂದು ವಿಷಯ ಹೇಳಲೇಬೇಕು. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸೋಕೆ ಮರ ಹತ್ತೋ ಕೊನೆಗಾರ ಸಿಕ್ಕಾಗ ಮಳೆ ಬಿಟ್ಟು ಹೊಳವು ಇತ್ತು, ಇನ್ನೊಂದು ವಾರ ಬಿಟ್ಟು ನೋಡೋಣ ಅಂತಿದ್ದೆ. ಇವಳು ಪಟ್ಟಿ ತಂದು, ಹೋದ ಸಲ ಹೊಡೆದ ಮೇಲೆ ಎಷ್ಟು ಮಳೆ ತೊಳೆದಿದೆ ಅಂತ ಕೂಡಿಸಿ ತೋರಿಸಿದಳು. ಆ ಸಂಖ್ಯೆ ನೋಡಿ ಅವತ್ತೇ ಹೊಡೆಸಿದೆ. ಮರುದಿನ ಸಂಜೆಯಿಂದ ಮಳೆ ಬಿಟ್ಟಿಲ್ಲ.

ಸಾಗರದ ತಂಗೀ, ನೀನು ಬರೆದಿದ್ದು ಓದಿ ಹೇಳಿದೆ. ಹಳೇ ಪುಟ ತೆಗೆದು ಜೂನ್‌ನ ಎರಡು ಖಾಲಿ ಮನೆ ಯಾವುದು ಅಂತ ಅಜ್ಜಿ ಹತ್ತಿರ ಕೇಳ್ತಿದ್ದಾಳೆ. ಒಂದು ದಿನ ಮಳೆ ಇರಲಿಲ್ಲ, ಇನ್ನೊಂದು ದಿನ ಅಮ್ಮ ನೆಂಟರ ಮನೆಗೆ ಹೋಗಿದ್ದರು. ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ “ನೋಡಿಲ್ಲ” ಅಂತ ಬರೆದಳು. ನಾಳೆ ಮಘೆ ಮಳೆ ಹೂಡುತ್ತೆ. ಹೊಸ ಪುಟಕ್ಕೆ ಗೆರೆ ಹೊಡೀತಾ ಕೂತಿದ್ದಾಳೆ.